ಬ್ಯಾರನ್ನಿನಲ್ಲಿ ಬೆಂದ ಬಿಸ್ಕತ್ತು

ನಾನು ಮಾತು ಕಡಿಮೆ ಆಡುವ ಮನುಷ್ಯ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಆಡಲು ಅಷ್ಟೊಂದು ಮಾತೂ ಇಲ್ಲ. ಆದರೆ ಆಡಿದ ಒಂದೇ ಒಂದು ಮಾತಿಗೆ ಇಷ್ಟು ಅನುಭವಿಸಿದವನು ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಇನ್ನೊಬ್ಬ ಇರಲಾರ!

ಆ ಮಾತು ನನ್ನ ಬಾಯಿಂದ ಹೊರಬಿದ್ದದ್ದು ಕಂಪಲಾಪುರದಲ್ಲಿ ಹತ್ತಿದ ಬಸ್ಸಿನೊಳಗೆ.

"ನೋಡ್ತಾ ಇರಿ! ಹುಣಸೂರಲ್ಲಿ ನಡೆಯೋ ಹತ್ತು ಕಿಲೋಮೀಟರ್ ಓಟ ನಾನು ಓಡಿ ಮುಗಿಸ್ತೀನಿ. ಮುಗಿಸ್ದೇ ಇದ್ರೆ ಈ ಸಲ ಬ್ಯಾರನ್ ಕಾವಲು ಪೂರ್ತಿ ನಂದೇ!"

ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಮನೆ. ಎತ್ತರದ ಗೋಡೆ, ಕಿಟಕಿ ಇಲ್ಲ. ಒಳಗೆ ಕಡ್ಡಿಗೆ ಕಟ್ಟಿದ ಸೊಪ್ಪು ಮಾಡಿನವರೆಗೂ ತೂಗಾಡುತ್ತಿರುತ್ತದೆ. ನೆಲದಲ್ಲಿ ಆನೆ ಸೊಂಡಿಲಿನಂಥ ತಗಡಿನ ಕೊಳವೆ ಸುತ್ತು ಹಾಕಿರುತ್ತದೆ. ಹೊರಗಡೆ ಒಲೆಬಾಯಿಗೆ ಸೌದೆ ಹಾಕಿದರೆ ಆ ಕೊಳವೆ ಕಾದು ಒಳಗಿನ ಸೊಪ್ಪು ಬೇಯುತ್ತದೆ. ಒಮ್ಮೆ ಬೆಂಕಿ ಹಾಕಿದ ಮೇಲೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ, ಕಾಯುತ್ತಲೇ ಇರಬೇಕು. ಕಾಯುವವನು ತೂಕಡಿಸಿದ ಅಂದರೆ ಮನೆತುಂಬ ಸೊಪ್ಪು ತಿಪ್ಪೆಗೆ ಸಮ. ನಾನೂ ನನ್ನ ಹೆಂಡತಿ ಮಧುಶ್ರೀಯೂ ಸರದಿಯಲ್ಲಿ ಕಾಯುತ್ತಿದ್ದೆವು. 'ಪೂರ್ತಿ ನಂದೇ' ಅಂದರೆ, ದೀಪಾವಳಿವರೆಗೂ ಹಾಸಿಗೆಗೆ ದೊಡ್ಡ ನಮಸ್ಕಾರ!

ಇಂಥ ಮಾತು ಯಾಕೆ ಬಂತು? ನನ್ನ ಮಾವನವರಿಂದ ಬಂತು.

ಮಾವ ಚಿಕ್ಕಬಸಪ್ಪನವರಿಗೆ ಎಪ್ಪತ್ತು ದಾಟಿದೆ. ಮಗಳನ್ನು ನೋಡಲು ಸರಗೂರಿನಿಂದ ಬಂದಿದ್ದರು. ಮೂವರೂ ಮೈಸೂರಿಗೆ ಹೊರಟಿದ್ದೆವು. ನಾವು ಸ್ಟಾಪು ಸೇರುವ ಮೊದಲೇ ಬಸ್ಸು ಹೊರಟಿತು. ಓಡಿದೆವು. ನನ್ನ ಹೊಟ್ಟೆ ಮುಂದೆ ಓಡಿತು, ನಾನು ಅದರ ಹಿಂದೆ. ಮಾವನವರು ಪಂಚೆ ಎತ್ತಿ ಕಟ್ಟಿ, ಛತ್ರಿ ಕಂಕುಳಿಗೆ ಸಿಕ್ಕಿಸಿಕೊಂಡು, ನಮ್ಮಿಬ್ಬರನ್ನೂ ಹಿಂದೆ ಹಾಕಿ ಫುಟ್‌ಬೋರ್ಡಿಗೆ ನೆಗೆದರು. ಅದನ್ನಾದರೂ ಸಹಿಸಬಹುದಿತ್ತು. ಅವರು ಕಂಡಕ್ಟರಿಗೆ ಕೈಮುಗಿದು ಗಟ್ಟಿಯಾಗಿ ಹೇಳಿದರು:

"ವಸಿ ನಿಲ್ಸಪ್ಪ. ನಮ್ಮ ಅಳಿಯಂದ್ರು ಇಂದೆ ಬತ್ತಾವ್ರೆ. ಪಾಪ, ಅವ್ರಿಗೆ ಓಡಕ್ಕಾಗಕಿಲ್ಲ."

ಪಾಪ! ಇಡೀ ಬಸ್ಸು ತಿರುಗಿ ನನ್ನನ್ನು ನೋಡಿತು. ಹತ್ತಿದ ಮೇಲೆ ಬೈಲಕುಪ್ಪೆ ಕಡೆಯ ಒಬ್ಬ ಮುದುಕಮ್ಮ ಎದ್ದು ನಿಂತು ನನಗೆ ಸೀಟು ಬಿಟ್ಟುಕೊಟ್ಟಳು. ಆಗಲೇ ನಾನು ಆ ಮಾತು ಆಡಿದ್ದು.

"ಇಡೀ ಬಸ್ಸೇ ಸಾಕ್ಷಿ ಕಣ್ರೀ," ಅಂದಳು ಮಧುಶ್ರೀ. ಅವಳ ಕಣ್ಣಲ್ಲಿ ಆಗಲೇ ನಿದ್ದೆಯ ಆಸೆ ತೂಗುತ್ತಿತ್ತು.

ಓಟದ ಅಭ್ಯಾಸ ಶುರುವಾಯಿತು. ಹಾಲಿನ ವ್ಯಾನು ಓಡಿಸುವ ಮಾದೇಶ ಗುರುವಾಗಿ ಬಂದ. ಅವನಿಗಿದ್ದ ಅರ್ಹತೆ ಒಂದೇ, ಫೋನಿನಲ್ಲಿ ಓಟದ ವಿಡಿಯೋ ನೋಡುತ್ತಿದ್ದ. ಪಕ್ಕದ ಹೊಲದ ನಂಜಣ್ಣ ಜೊತೆಗಾರ. ನಾನು ಮೈಸೂರಿನಿಂದ ಕೆಂಪು ಶೂ ತಂದೆ. ಮೊದಲ ದಿನ ಬೆಳಿಗ್ಗೆ ನಾವು ಮೂವರೂ ರಸ್ತೆಗೆ ಇಳಿದೆವೋ ಇಲ್ಲವೋ, ಹುಲ್ಲಿಗೆ ಹೊರಟಿದ್ದ ಹೆಂಗಸೊಬ್ಬಳು ಕೂಗಿದಳು.

"ಯಾಕ್ ಪ್ರಸಾದಣ್ಣ, ಅಸ ತಪ್ಪಿಸ್ಕತಾ?"

ನಮ್ಮಲ್ಲಿ ಹಸು ತಪ್ಪಿಸಿಕೊಳ್ಳದೆ ಯಾರೂ ಓಡುವುದಿಲ್ಲ. ಇಲ್ಲ ಅನ್ನಲು ನನಗೆ ಉಸಿರಿರಲಿಲ್ಲ. ಅಷ್ಟರಲ್ಲಿ ಇಬ್ಬರು ದೊಣ್ಣೆ ಹಿಡಿದು ನನ್ನ ಹಸು ಹುಡುಕಲು ಆ ಕಡೆ ಓಡಿಯೇ ಬಿಟ್ಟರು! ಅವರು ನಮಗಿಂತ ಚೆನ್ನಾಗಿ ಓಡಿದರು ಅನ್ನುವುದೇ ಹೊಟ್ಟೆ ಉರಿ.

ಓಡಿದ ಮೇಲೆ ಹಸಿವು. ಹಸಿವಿಗೆ ಕಂಪಲಾಪುರದ ಹೋಟೆಲು. ಸೆಟ್ ದೋಸೆ, ಬೋಂಡ, ಮೇಲೊಂದು ಕಾಫಿ. ಓಟ ಹೆಚ್ಚಾದಂತೆ ಬೋಂಡವೂ ಹೆಚ್ಚಾಯಿತು. ಒಂದು ದಿನ ಅಂಗಿಯ ಗುಂಡಿ ಹಾರಿ ಸಾರಿನ ಪಾತ್ರೆಗೆ ಬಿತ್ತು.

"ಓಡಿ ಓಡಿ ದಪ್ಪ ಆದೋರ್ನ ನಾನು ಇವತ್ತೇ ನೋಡಿದ್ದು," ಅಂದಳು ಮಧುಶ್ರೀ, ಸೌಟಿನಲ್ಲಿ ಗುಂಡಿ ಹುಡುಕುತ್ತಾ.

ಮಾದೇಶನಿಗೆ ದೂರು ಕೊಟ್ಟೆ. ಅವನು ಫೋನು ತೆಗೆದ. "ಬೋಂಡ ಬುಡ್ಲಾ ಪ್ರಸಾದಿ. ಓಡಿದ್ಮೇಲೆ ಇಂಥದ್ದು ತಿನ್ಬೇಕು ಕಣ್ಲಾ. ನೋಡು." ವಿಡಿಯೋದಲ್ಲಿ ಒಬ್ಬ ಹೆಂಗಸು ರಾಗಿ ಹಿಟ್ಟು, ಬೆಲ್ಲ, ಬಾಳೆಹಣ್ಣು, ಕಡ್ಲೆಕಾಯಿ ಬೀಜ ಕಲಸಿ, ಓವನ್ನಿನಲ್ಲಿ ಬಿಸ್ಕತ್ತು ಮಾಡುತ್ತಿದ್ದಳು. ಮೊಟ್ಟೆ ಇಲ್ಲ. ನಮ್ಮ ಲಿಂಗಾಯತರ ಮನೆಗೆ ಹೇಳಿ ಮಾಡಿಸಿದ ಹಾಗಿತ್ತು. ಅಲ್ಲಿವರೆಗೆ ಒಂದು ಲೋಟ ಕಾಫಿ ಕೂಡ ಕಾಯಿಸದ ನಾನು ಅಲ್ಲೇ ಸಂಕಲ್ಪ ಮಾಡಿದೆ: ಓಟಗಾರರ ಆರೋಗ್ಯದ ಹೊಣೆ ಇನ್ನು ನನ್ನದು!

ಓವನ್ನು ಇರಲಿಲ್ಲ. ಮೊದಲು ಕುಕ್ಕರಿಗೆ ಮರಳು ಹಾಕಿ ಬೇಯಿಸಿದೆ. ಬಂದದ್ದು ಬಿಸ್ಕತ್ತಲ್ಲ, ಅಡಿಗಲ್ಲು. ನಮ್ಮ ನಾಯಿಗೆ ಒಂದು ಹಾಕಿದೆ. ಅದು ಮೂಸಿ ನೋಡಿ, ನನ್ನ ಮುಖ ನೋಡಿ, ಹಿತ್ತಲಿಗೆ ಒಯ್ದು ಗುಂಡಿ ತೋಡಿ ಹೂತು ಬಂತು.

ಬೇಜಾರಿನಲ್ಲಿ ಜಗಲಿ ಮೇಲೆ ಕೂತಿದ್ದೆ. ಎದುರಿಗೆ ಬ್ಯಾರನ್ನು ಹೊಗೆಯಾಡುತ್ತಿತ್ತು. ಥಟ್ಟನೆ ಹೊಳೆಯಿತು. ಓವನ್ನು ಅಂದರೆ ಏನು? ನಾಲ್ಕು ಕಡೆ ಮುಚ್ಚಿದ ಗೂಡು, ಒಳಗೆ ಹದವಾದ ಬಿಸಿ. ಆ ಹೆಂಗಸಿನ ಓವನ್ನಿಗೆ ಒಂದು ತಟ್ಟೆ ಹೋಗುತ್ತೆ. ನನ್ನ ಓವನ್ನಿಗೆ ಜೋಡೆತ್ತು ಹೋಗುತ್ತೆ!

ಓಟಕ್ಕೆ ಇನ್ನೇನು ಎರಡು ದಿನ ಅನ್ನುವಾಗ ಸಮಯ ಕೂಡಿ ಬಂತು. ಬ್ಯಾರನ್ನಿನಲ್ಲಿ ಎಲೆಯ ದಂಟು ಒಣಗಿಸುವ ಕೊನೆಯ ಘಟ್ಟ, ಬಿಸಿ ಅತಿ ಜಾಸ್ತಿ ಇರುವ ಹೊತ್ತು. ಮಧುಶ್ರೀ ಸ್ವೆಟರು ತರಲು ಬೈಲಕುಪ್ಪೆಗೆ ಹೊರಟಳು.

"ರೀ, ಬಾಗಿಲು ಮಾತ್ರ ತೆಗೀಬೇಡಿ. ಕಿಂಡೀಲಿ ಬಿಸಿ ನೋಡಿ, ಸೌದೆ ಹಾಕಿ. ಅಷ್ಟೇ."

"ನಾನೇನು ಮಗುವಾ?"

"ಮಗುಗಾದ್ರೆ ಒಂದು ಸಲ ಹೇಳಿದ್ರೆ ಸಾಕು," ಅಂದು ಬಸ್ಸು ಹತ್ತಿದಳು.

ಬಸ್ಸು ಮರೆಯಾಗುತ್ತಲೇ ಬಾಗಿಲು ತೆಗೆದೆ. ತಟ್ಟೆಗಳನ್ನು ಹಿಡಿದು ಬಗ್ಗಿಕೊಂಡು ಒಳಗೆ ಹೋಗಿ, ಕೊಳವೆಯ ಮೇಲಿನ ಜಾಲರಿಗೆ ಇಟ್ಟೆ. ಏಳುವಾಗ ತಲೆ ಸೊಪ್ಪಿನ ಕಡ್ಡಿಗೆ ಹೊಡೆಯಿತು. ಮೇಲಿಂದ ಚರಪರ ಅಂತ ಏನೋ ತಟ್ಟೆಗೆ ಉದುರಿತು. ಊದಿದೆ. ತಿರುಗಿಸಿ ಹಾಕಲು ಹೋದಾಗ ಮತ್ತೆ ತಲೆ ಹೊಡೆಯಿತು. ಮತ್ತೆ ಉದುರಿತು. ಮತ್ತೆ ಊದಿದೆ. ರಾಗಿಯೂ ಕಂದು, ಬೆಲ್ಲವೂ ಕಂದು. ಅದರಲ್ಲಿ ಏನಿದೆ, ಏನಿಲ್ಲ ಅಂತ ಯಾರಿಗೆ ಕಾಣುತ್ತೆ?

ಬಿಸ್ಕತ್ತು ಬೆಂದವು. ಘಮ ಅಂದರೆ ಘಮ! ಒಂದು ತಿಂದೆ. ತಲೆ ಸ್ವಲ್ಪ ಹಗುರಾಯಿತು. ಒಂದು ಬಿಕ್ಕಳಿಕೆ ಬಂತು. ಇಷ್ಟು ವರ್ಷ ಬೋಂಡ ಕಂಡ ದೇಹ, ಮೊದಲ ಸಲ ಆರೋಗ್ಯ ಒಳಗೆ ಹೋದದ್ದಕ್ಕೆ ಗಾಬರಿಯಾಗಿದೆ ಅಂದುಕೊಂಡೆ.

ಸಂಜೆ ಮಧುಶ್ರೀ ಬಂದವಳೇ ಮೂಗು ಅರಳಿಸಿದಳು. "ಬ್ಯಾರನ್ ಕಡೆಯಿಂದ ಬೆಲ್ಲದ ವಾಸ್ನೆ ಬತ್ತಾ ಅದಲ್ರೀ?"

"ಸೊಪ್ಪು ಚೆನ್ನಾಗಿ ಬೆಂದಿರ್ಬೇಕು."

"ಮದುವೆ ಆದಾಗ್ಲಿಂದ ಸೊಪ್ಪು ಬೇಯಿಸ್ತಾ ಇದೀನಿ. ಪಾಯಸದ ವಾಸ್ನೆ ಯಾವತ್ತೂ ಬಂದಿಲ್ಲ."

ನಾನು ಮಾತು ಕಡಿಮೆ ಆಡುವವನಲ್ಲವೇ? ಆಡಲಿಲ್ಲ.

ಓಟದ ದಿನ ಬಂತು. ಹುಣಸೂರಿನ ಮೈದಾನದಲ್ಲಿ ಮೈಕು, ಬಾವುಟ, ತುಂತುರು ಮಳೆ. ಎದೆ ಮೇಲೆ ನಂಬರು ಚುಚ್ಚಿಕೊಂಡು, ಹಣೆಗೆ ಮೂರು ಗೆರೆ ವಿಭೂತಿ ಎಳೆದುಕೊಂಡು ನಿಂತೆ. ಮಾವನವರೂ ನೋಡಲು ಬಂದಿದ್ದರು, ಅದೇ ಪಂಚೆ, ಅದೇ ಛತ್ರಿ, ಹಣೆ ತುಂಬ ವಿಭೂತಿ. ಓಡಬೇಕಿದ್ದ ನಂಜಣ್ಣನ ತಮ್ಮ ಶರತ್ ಜ್ವರ ಅಂತ ಬಂದಿರಲಿಲ್ಲ. ಮಾದೇಶ ತಮಾಷೆಗೆ ಅವನ ನಂಬರನ್ನು ಮಾವನವರ ಅಂಗಿಗೆ ಚುಚ್ಚಿದ.

"ಗೇಟ್ ಗಂಟ ಓಡಿ ಬುಡಿ ಬಸಪ್ಪಾರೇ, ಫೋಟೋ ತಗೀತೀನಿ!"

ನಾನು ಸ್ಟೀಲ್ ಡಬ್ಬಿ ತೆಗೆದೆ. ಬಿಸ್ಕತ್ತು ಓಡಿದ ಮೇಲೆ ತಿನ್ನಲು ಮಾಡಿದ್ದು. ಆದರೆ ಮಾದೇಶ, "ಮೊದ್ಲೇ ತಿಂದ್ರೆ ಶಕ್ತಿ ಮೊದ್ಲೇ ಬತ್ತದೆ ಕಣ್ಲಾ" ಅಂದ. ಗುರುವಿನ ಮಾತು! ಅವನು ಎರಡು ತಿಂದ, ನಂಜಣ್ಣ ಎರಡು, ಮಾಡಿದವನು ಅಂತ ನಾನು ಮೂರು. ಮಾವನವರು ಒಂದನ್ನು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ನಿಧಾನಕ್ಕೆ ಅಗಿದು, ದವಡೆಗೆ ಒತ್ತಿಕೊಂಡರು. ಆಮೇಲೆ ಕೈತುಂಬ ತೆಗೆದು ಪಂಚೆಯ ಮಡಿಲಿಗೆ ಸೇರಿಸಿದರು.

"ಬೊ ಪಸಂದಾಗವೆ ಅಳಿಯಂದ್ರೇ! ನಿಮ್ಮ ಕೈಲಿ ಇಂಥಾ ವಿದ್ಯೆ ಅದೆ ಅಂತ ಗೊತ್ತೇ ಇರ್ನಿಲ್ಲ."

ಮದುವೆಯಾದ ಮೇಲೆ ಅವರ ಬಾಯಿಂದ ನಾನು ಕೇಳಿದ ಮೊದಲ ಹೊಗಳಿಕೆ! ಎದೆ ಉಬ್ಬಿ ನಂಬರಿನ ಪಿನ್ನು ಕಿತ್ತುಬಂತು.

ಸೀಟಿ ಊದಿದರು. ನಾನು ಹಾರಿದೆ! ಗೇಟು ದಾಟಿದೆ, ಪೇಟೆ ದಾಟಿದೆ, ಊರಾಚೆಯ ರಸ್ತೆಗೆ ಬಿದ್ದೆ. ಆಗ ಬಾಯಲ್ಲಿ ನೀರು ಊರಿತು. ಬಿಕ್ಕಳಿಕೆ ಶುರುವಾಯಿತು. ಒಂದು ಹೆಜ್ಜೆ ಮುಂದಿಟ್ಟರೆ ಒಂದು ಬಿಕ್ಕಳಿಕೆ ನನ್ನನ್ನು ಹಿಂದಕ್ಕೆ ಎಳೆಯುತ್ತಿತ್ತು. ಆಮೇಲೆ ರಸ್ತೆಯೇ ಎದ್ದು ನನ್ನ ಕಡೆ ಬರತೊಡಗಿತು.

"ಲೇ ಪ್ರಸಾದಿ," ಮಾದೇಶ ನನ್ನ ಭುಜ ಹಿಡಿದ. "ಈ ರೋಡು ಯಾಕ್ಲಾ ಉಯ್ಯಾಲೆ ಆಡ್ತಾ ಅದೆ?"

ನಂಜಣ್ಣ ಕರೆಂಟು ಕಂಬವನ್ನು ತಬ್ಬಿಕೊಂಡಿದ್ದ. "ಬಾರ್ಲಾ ನಂಜ!" ಅಂದೆ.

"ಬರಕ್ಕಾಗಕಿಲ್ಲ. ನಾನು ಬುಟ್ರೆ ಈ ಕಂಬ ಬಿದ್ದೋಯ್ತದೆ!"

ನಾನು ಮೋರಿ ಕಟ್ಟೆ ಮೇಲೆ ಕೂತೆ. ಬೆಳಗಿನ ಕಾಫಿಯಿಂದ ಹಿಡಿದು ಎಲ್ಲವೂ ಹೊರಗೆ ಬಂತು. ಓಟ ನಡೆಸುವವರ ವ್ಯಾನು ಬಂತು. ನರ್ಸಮ್ಮ ಇಳಿದು ಕೇಳಿದಳು, "ಏನು ತಿಂದ್ರಿ?"

"ಆರೋಗ್ಯದ್ದು," ಅಂದೆ. ಅಷ್ಟು ಹೇಳುವುದಕ್ಕೆ ಎರಡು ಬಿಕ್ಕಳಿಕೆ ಆಯಿತು.

ಆಗ ಹಿಂದಿನಿಂದ ಟಪ ಟಪ ಅಂತ ಚಪ್ಪಲಿ ಸದ್ದು. ಛತ್ರಿ ಕಂಕುಳಲ್ಲಿ, ಪಂಚೆ ಮೊಣಕಾಲಿನ ಮೇಲೆ, ಒಂದು ದವಡೆ ಉಬ್ಬಿದೆ. ಮಾವನವರು! ಗೇಟಿನ ಹತ್ತಿರ ನಿಲ್ಲುವುದನ್ನೇ ಮರೆತಿದ್ದರು.

"ಯಾಕ್ ಅಳಿಯಂದ್ರೇ, ಕೂತ್ಬುಟ್ರಿ?"

"ತಲೆ ಸುತ್ತು ಮಾವ."

"ಓ, ಹೊಸದಾಗಿ ಹಾಕ್ದೋರ್ಗೆ ಅಂಗೇ ಆಗೋದು. ಅಭ್ಯಾಸ ಆಯ್ತದೆ ಬುಡಿ."

"ಏನು ಹಾಕಿದ್ದು?"

"ಇದೇನ್ ಇಂಗ್ ಕೇಳ್ತೀರಿ? ಒಗೆಸೊಪ್ಪು! ನಾನು ಇಷ್ಟು ಕಾಲ ಎಲೆ ಅಡಿಕೆ ಜೊತೆ ಹಾಕ್ಕೊಂಡಿದ್ದೀನಿ. ಬೆಲ್ಲ ರಾಗಿ ಜೊತೆ ಇವತ್ತೇ ಕಂಡಿದ್ದು. ಹದ ಅಂದ್ರೆ ಹದ!"

ಚರಪರ ಅಂತ ಉದುರಿದ್ದು ಎಲ್ಲಿಗೆ ಹೋಯಿತೆಂದು ಆಗ ತಿಳಿಯಿತು. ನಾನು ಹೊಗೆಸೊಪ್ಪಿನ ಹೊಲದಲ್ಲೇ ಬೆಳೆದವನು. ಇಬ್ಬನಿಯಲ್ಲಿ ಸೊಪ್ಪು ಮುರಿಯುವಾಗ ಬರುವ ತಲೆಸುತ್ತು ಚಿಕ್ಕಂದಿನಿಂದ ಗೊತ್ತು. ಅದೇ ಸುತ್ತು ಬಿಸ್ಕತ್ತಿನ ವೇಷದಲ್ಲಿ ಬಂದಾಗ ಗುರುತು ಸಿಗದೆ ಹೋಯಿತಲ್ಲ, ಶಿವನೇ!

"ಸರಿ, ನೀವು ಸುಧಾರಿಸ್ಕಳಿ," ಅಂದರು ಮಾವ. "ನಾ ಮುಂದೆ ಓಗಿ ಯೋಳ್ತೀನಿ. ಅಳಿಯಂದ್ರು ಇಂದೆ ಬತ್ತಾವ್ರೆ ಅಂತ."

ಟಪ ಟಪ. ಹೊರಟೇಹೋದರು.

ನಾವು ಮೂವರೂ ಓಟಗಾರರೆಲ್ಲರ ಹಿಂದೆ ವ್ಯಾನಿನಲ್ಲಿ ಮಲಗಿಕೊಂಡು ಕೊನೆಯ ಗೆರೆ ದಾಟಿದೆವು. ಮೈಕಿನಲ್ಲಿ ಹೇಳುತ್ತಿದ್ದರು, ಅತಿ ಹಿರಿಯ ಓಟಗಾರರು ಸರಗೂರಿನ ಚಿಕ್ಕಬಸಪ್ಪನವರು ಅಂತ. ಅವರ ಕೊರಳಲ್ಲಿ ಪದಕ. ಹಣೆಯ ವಿಭೂತಿಯಲ್ಲಿ ಒಂದು ಗೆರೆಯೂ ಅಳಿಸಿರಲಿಲ್ಲ. ನನ್ನದು ಇಳಿದು ಇಳಿದು ಗದ್ದಕ್ಕೆ ಬಂದಿತ್ತು.

ಮಧುಶ್ರೀ ನಗಲಿಲ್ಲ. ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಮೂಸಿದಳು.

"ಬಾಗಿಲು ತೆಗೆದ್ರಾ?"

"…ತೆಗೆದೆ."

"ಅದಕ್ಕಾ! ಬ್ಯಾರನ್ ಆರ್ತಿದ್ದಂಗೆ ಇರುವೆ ಯಾಕೆ ಮೆರವಣಿಗೆ ಹೊರಟವೆ ಅಂತ ತಲೆ ಕೆಡಿಸ್ಕೊಂಡಿದ್ದೆ. ಅಡಿ ಸಾಲಿನ ಸೊಪ್ಪೆಲ್ಲ ಬೆಲ್ಲ ಮೆತ್ತಿ ಅಂಟು ಅಂಟು. ಆ ಜಾಲರಿ ಮೇಲೆ ಉದುರಿದ ಸೊಪ್ಪಿಗೆ ಬೆಂಕಿ ಹತ್ತಿದ್ದಿದ್ರೆ ಸೊಪ್ಪೂ ಇಲ್ಲ, ಬ್ಯಾರನ್ನೂ ಇಲ್ಲ, ನೀವೂ ಇಲ್ಲ!"

ಅವಳ ದನಿ ಕೊನೆಯಲ್ಲಿ ಸ್ವಲ್ಪ ನಡುಗಿತು. ಅದನ್ನು ಕೇಳಿ, ಅವಳಿಗೆ ಕರುಣೆ ಬಂದಿದೆ ಅಂದುಕೊಂಡು ನಾನು ಮೆಲ್ಲಗೆ ಅಂದೆ, "ಹೆಂಗೋ ಗೆರೆ ದಾಟಿದೀನಲ್ಲ ಮಧು…"

"ದಾಟಿದ್ದು ವ್ಯಾನು. ಮಾತು ಕೊಟ್ಟಿದ್ದು ನೀವು."

ಈಗ ನಾನು ಒಲೆಬಾಯಿಯ ಮುಂದೆ ಕೂತಿದ್ದೇನೆ. ಬ್ಯಾರನ್ ಬಾಗಿಲಿಗೆ ಬೀಗ ಬಿದ್ದಿದೆ, ಕೀಲಿ ಅವಳ ಸೆರಗಿನ ಗಂಟಿನಲ್ಲಿದೆ. ಅವಳು ಗೊರಕೆ ಹೊಡೆಯುವುದು ಇಲ್ಲಿಗೇ ಕೇಳುತ್ತದೆ. ಮಾವನವರು ಸರಗೂರಿಗೆ ವಾಪಸ್ ಹೋಗಿಲ್ಲ. ದಿನಾ ಬೆಳಿಗ್ಗೆ ನನ್ನ ಕೆಂಪು ಶೂ ಹಾಕಿಕೊಂಡು ಓಡುತ್ತಾರೆ. ಮಾದೇಶ, ನಂಜಣ್ಣ ಅವರ ಶಿಷ್ಯರು. ಈಗ ಹಸು ತಪ್ಪಿಸಿಕೊಂಡಿತಾ ಅಂತ ಯಾರೂ ಕೇಳುವುದಿಲ್ಲ. ಒಲೆಬಾಯಿಯ ಹತ್ತಿರ ಬಂದಾಗ ಮಾತ್ರ ಮಾವ ನಿಲ್ಲುತ್ತಾರೆ.

"ಅಳಿಯಂದ್ರೇ, ಒಂದು ತಟ್ಟೆ ಹಾಕ್ಬುಡಿ. ಅವಳಿಗೆ ನಾ ಯೋಳಾಕಿಲ್ಲ."

ಮೊನ್ನೆ ಮಧುಶ್ರೀ ಕಾಫಿ ತಂದಳು. ಸೌದೆ ಹೊತ್ತು, ಬೆಂಕಿ ಕಾದು, ನಾನು ತೊಪ್ಪೆಯಾಗಿದ್ದೆ. ಅಂಗಿಯ ಗುಂಡಿ ಈಗ ಸಲೀಸಾಗಿ ಕೂಡುತ್ತಿತ್ತು. ಅವಳು ನನ್ನ ಹೊಟ್ಟೆಯನ್ನು ಒಮ್ಮೆ, ಬೆಂಕಿಯನ್ನು ಒಮ್ಮೆ ನೋಡಿದಳು.

"ಕರಗ್ತಾ ಅದಲ್ರೀ! ಇಷ್ಟು ಬೆವರೋದಕ್ಕೆ ಹುಣಸೂರಿಗೆ ಹೋಗ್ಬೇಕಾಗಿತ್ತಾ? ಏನಾದ್ರೂ ಮಾತಾಡಿ."

ನಾನು ಇನ್ನೊಂದು ಕೊರಡು ಎತ್ತಿ ಒಲೆಗೆ ತಳ್ಳಿದೆ. ಒಂದೇ ಒಂದು ಸಲ ಮಾತಾಡಿದ್ದಕ್ಕೆ ಇಷ್ಟು ಸೌದೆ ಹೊರಬೇಕಾಗಿ ಬಂದಿದೆ!