ಹಣ್ಣಿಗಿಂತ ಮೊದಲು ಬಂದ ರಂಬುಟಾನ್

ಡಬ್, ಡಬ್, ಡಬಡಬ. ನನ್ನ ಶಾಲೆಯ ರಜೆಗಳೆಂದರೆ ಈಗಲೂ ಕಿವಿಗೆ ಬರುವುದು ಈ ಸೀಮೆಎಣ್ಣೆ ಡಬ್ಬದ ಸದ್ದು. ಚಿಕ್ಕಪ್ಪ ಊಟ ಮುಗಿಸಿ ವೆರಾಂಡದ ಈಸಿಚೇರಿನಲ್ಲಿ ಒರಗಿ, ಕಾಲ್ಬೆರಳಿಗೆ ಕಟ್ಟಿಕೊಂಡ ಹಗ್ಗವನ್ನು ಆಗಾಗ ಎಳೆಯುತ್ತಿದ್ದರು. ಹಗ್ಗದ ಇನ್ನೊಂದು ತುದಿಗೆ, ಗೇಟಿನ ಪಕ್ಕದ ಮರದಲ್ಲಿ, ಡಬ್ಬ. ಮಂಗಗಳು ಹಣ್ಣು ತಿನ್ನದಿರಲೆಂದು. ಇದರಲ್ಲೇನು ವಿಶೇಷ ಅನ್ನುತ್ತೀರಾ? ಆ ಮರದಲ್ಲಿ ಹಣ್ಣೇ ಇರಲಿಲ್ಲ! ಇಲ್ಲದ ಹಣ್ಣಿಗೆ ಕಾವಲು ಕೂತ ಜಂಟಲ್‌ಮನ್ ಇಡೀ ಕೊಡಗಿನಲ್ಲಿ ಅವರೊಬ್ಬರೇ.

ಕೊಡಗು ಇನ್ನೂ ತನ್ನದೇ ಪುಟ್ಟ ಸ್ಟೇಟ್ ಆಗಿದ್ದ ಕಾಲ. ನಮ್ಮ ಮನೆ ನಾಪೋಕ್ಲಿನಿಂದ ಮಡಿಕೇರಿಗೆ ಹೋಗುವ ರಸ್ತೆಯಲ್ಲಿ. ಚಿಕ್ಕಪ್ಪ ಎರಡನೇ ಮಹಾಯುದ್ಧಕ್ಕೆ ಮುಂಚೆ ಮಲಯಾದ ರಬ್ಬರ್ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಯುದ್ಧ ಮುಗಿದ ಮೇಲೆ ಒಂದು ಕೋಕೋ ಟಿನ್ನಿನಲ್ಲಿ ಸಸಿಯೊಂದನ್ನು ಹಿಡಿದುಕೊಂಡು ಬಂದರು. ಬೇರೆ ಲಗೇಜ್ ಇರಲಿಲ್ಲ. ನೆಟ್ಟು, ನೀರೆರೆದು, ಕೇಳಿದವರಿಗೂ ಕೇಳದವರಿಗೂ ಹೇಳಿದರು: "ರಂಬುಟಾನ್."

ಕನ್‌ಫ್ಯೂಷನ್ ಶುರುವಾದದ್ದು ಅಲ್ಲಿಂದ. ತೋಟದ ಲೈನ್‌ಮನೆಗಳ ತಮಿಳು ಹೆಂಗಸರು ಕಾಫಿ ಪಿಕಿಂಗ್‌ಗೆ ಹೋಗುವಾಗ ಗಿಡಕ್ಕೆ ಕುಂಕುಮ ಇಟ್ಟು ಕೈಮುಗಿದರು. ಅಂಗಡಿಯ ಕಾಕ ಅದು ಹೊಟ್ಟೆನೋವಿಗೆ ಮದ್ದೆಂದು ಗಿರಾಕಿಗಳಿಗೆ ಮಲಯಾಳಂನಲ್ಲಿ ವಿವರಿಸಿದ. ಬಸ್ ಕಂಡಕ್ಟರ್ ನಮ್ಮ ಗೇಟಿನೆದುರು "ರಂಬುಟಾನ್ ಯಾರು, ಇಳೀರಿ" ಅನ್ನತೊಡಗಿದ. ಹಲಸಿಗೂ ಮಾವಿಗೂ ಮನೆಗೊಂದು ಹೆಸರಿದ್ದ ಊರು ನಮ್ಮದು. ಆದರೆ ಈ ಮಲಯ್ ಶಬ್ದ ಮಾತ್ರ ಕೊಡವ, ಅರೆಭಾಷೆ, ತಮಿಳು, ಉರ್ದು ಎಲ್ಲದರೊಳಗೂ ಒಂದಕ್ಷರ ಬದಲಾಗದೆ ಹೊಕ್ಕಿತು. ಯಾರೂ ಕಾಣದ್ದಕ್ಕೆ ಬೇರೆ ಹೆಸರಿಡುವವರು ಯಾರು?

ಕಾನ್ವೆಂಟಿನಲ್ಲಿ 'ಮೈ ಫೇವರಿಟ್ ಫ್ರೂಟ್' ಎಂಬ ಎಸ್ಸೇ ಬರೆಯಬೇಕಿತ್ತು. ನಾನು ರಂಬುಟಾನ್ ಬಗ್ಗೆ ಬರೆದೆ. ಸಿಸ್ಟರ್ ದಪ್ಪ ಡಿಕ್ಷನರಿ ತೆಗೆದರು. ಮಲಯ್ ಶಬ್ದ, ಕೂದಲಿರುವ ಹಣ್ಣು ಎಂದಿತ್ತು. ಕೂದಲೇ? ನನಗೇ ದಿಗಿಲಾಯಿತು.

"ಹ್ಯಾವ್ ಯು ಈಟನ್ ಇಟ್, ಚೈಲ್ಡ್?"

"ನೋ, ಸಿಸ್ಟರ್."

"ಹ್ಯಾವ್ ಯು ಸೀನ್ ಇಟ್?"

"ನೋ, ಸಿಸ್ಟರ್. ಬಟ್ ವಿ ಹ್ಯಾವ್ ಎ ಬಸ್‌ಸ್ಟಾಪ್."

ಕೊನೆಗೊಂದು ವರ್ಷ ಮರ ಹೂ ಬಿಟ್ಟಿತು. ಚಿಕ್ಕಪ್ಪ ಮೂರು ಹೊತ್ತೂ ಮರದ ಕೆಳಗೇ. ಹೂವೆಲ್ಲ ಉದುರಿತು, ಒಂದು ಕಾಯೂ ಕಚ್ಚಲಿಲ್ಲ. ಗಡಿಯೂರು ಕರಿಕೆಯ ಕಡೆಯಿಂದ ಗಿಡ ಮಾರಲು ಬಂದವನೊಬ್ಬ ಮರವನ್ನು ಸುತ್ತು ಹಾಕಿ ನೋಡಿ ನಕ್ಕ: "ಇದು ಗಂಡು ಮರ. ಜನ್ಮಕ್ಕೂ ಹಣ್ಣು ಬಿಡುವುದಿಲ್ಲ."

ಅಜ್ಜನಿಗೆ ಬೇಕಿದ್ದದ್ದೂ ಅಷ್ಟೇ. ಕಾಫಿ ಒಣಗಿಸುವ ಕಣ ಸಾಲದೆ ಅವರು ಬಹಳ ದಿನದಿಂದ ಆ ಜಾಗದ ಮೇಲೆ ಕಣ್ಣಿಟ್ಟಿದ್ದರು. ಮರುದಿನವೇ ಕೊಡಲಿಯವನನ್ನು ಕರೆಸಿದರು.

"ಇಷ್ಟ್ ವರ್ಷ ಗಂಡು ಮರಕ್ಕೆ ಕಾವಲ್ ಕಾದದ್ ಸಾಕ್. ಬದಿಗೆ ನಿಲ್ಲ್."

ಚಿಕ್ಕಪ್ಪ ಬದಿಗೆ ನಿಲ್ಲಲಿಲ್ಲ. ಮರಕ್ಕೆ ಬೆನ್ನು ಕೊಟ್ಟು ನಿಂತರು.

"ಇದ್ನ ಕಡಿಬೇಡಿ, ಅಪ್ಪಾ."

"ಎಂಥಕೆ?"

"ಜಪಾನಿನವರ ಕ್ಯಾಂಪಿಲಿ ಹಸಿವಿಂದ ಬಿದ್ದಿರ್ಕನ, ಒಬ್ಬ ಹೆಂಗಸ್ ಬೇಲಿ ಸಂದಿಂದ ಈ ಹಣ್ಣ್ ಕೊಡ್ತಿತ್ತ್. ಮಾತಾಡಿರೆ ಕಾವಲಿನವು ಹೊಡೀತಿದ್ದೊ. ಒಂದೇ ಮಾತ್ ಹೇಳ್ತಿತ್ತ್, ರಂಬುಟಾನ್. ಅವಳ ಹೆಸರ್ ಕೇಳಿಕೆ ಆತ್ಲೆ. ನಂಗೆ ಗೊತ್ತಿರ್ದ್ ಇದೊಂದೇ."

ಚಿಕ್ಕಪ್ಪ ಕ್ಯಾಂಪಿನಲ್ಲಿದ್ದದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಜ್ಜ ಕೊಡಲಿಯವನಿಗೆ ತಮ್ಮ ಮುದ್ದಿನ ಕಿತ್ತಳೆ ಗಿಡಗಳನ್ನು ತೋರಿಸಿ, "ಕಣಕ್ಕೆ ಆ ಬದಿಂದ ಕಡಿ" ಎಂದರು. ಅವನು ಬಾಯಿ ಬಿಟ್ಟು ನಿಂತದ್ದು ಕಂಡು ರೇಗಿದರು: "ಇದ್ನ ಕಡಿದ್ರೆ ಬಸ್ ಎಲ್ಲಿ ನಿಲ್ಲ್‌ದು?"

ಚಿಕ್ಕಪ್ಪನನ್ನು ನಾನು ಕೊನೆಯ ಸಲ ನೋಡಿದ್ದು ಮದ್ರಾಸಿಗೆ ಕಾಲೇಜು ಸೇರಲು ಹೊರಟ ದಿನ. ಬಸ್ಸಿನಲ್ಲಿ ಕಿಟಕಿಯ ಬಳಿ ಸೀಟು ಸಿಕ್ಕಿತ್ತು. ಕಂಡಕ್ಟರ್ ಕೂಗಿದ್ದು ಕೇಳಿ, ಹಿಂದೆ ಕೂತಿದ್ದ ಯಾರೋ ಹೆಂಗಸು, "ಎಂಥದಪ್ಪ ಈ ರಂಬುಟಾನ್?" ಎಂದು ಕೇಳಿದಳು. ಕೆಳಗೆ ನಿಂತಿದ್ದ ಚಿಕ್ಕಪ್ಪನಿಗೆ ಅಷ್ಟು ಸಾಕು. ಗಾಳಿಯಲ್ಲಿ ಒಂದು ಹಣ್ಣು ಹಿಡಿದು, ಉಗುರಿನಿಂದ ಸಿಪ್ಪೆ ಸೀಳಿ, ತಿರುಳನ್ನು ಮೆಲ್ಲನೆ ಬಿಡಿಸಿ, ಕಿಟಕಿಯ ಸರಳಿನ ನಡುವೆ ನನ್ನ ಅಂಗೈಯಲ್ಲಿಟ್ಟರು. "ಇಡ್ಕಣೆ ಕೂಸೇ, ರಸ ಚೆಲ್ಲುದು."

ಬಸ್ಸು ಹೊರಟಿತು. ಬಲಗೈ ಮುಷ್ಟಿ ಬಿಗಿಯಾಗಿತ್ತು, ಎಡಗೈಯಲ್ಲೇ ಟಾಟಾ ಮಾಡಿದೆ.