ಸತ್ತವರ ಸಾಲಿನಲ್ಲಿ ನಮ್ಮತ್ತೆ

ಫೋಟೋದಲ್ಲಿರುವವರು ಬದುಕಿದ್ದಾರೋ ಇಲ್ಲವೋ ಎಂಬುದು ಫೋಟೋ ನೋಡಿದರೆ ಗೊತ್ತಾಗುವುದಿಲ್ಲ. ಇದೇನು ದೊಡ್ಡ ಶೋಧ ಎಂದು ನಿಮಗನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸುತ್ತಿತ್ತು. ಗೋಡೆಯ ಮೇಲಾದರೆ ಒಂದು ಹಾರವೋ ಒಂದು ಸಣ್ಣ ಕೆಂಪು ಬಲ್ಬೋ ಸುಳಿವು ಕೊಡುತ್ತದೆ. ಆಲ್ಬಮ್ಮಿನೊಳಗೆ, ಅದಕ್ಕಿಂತ ಹೆಚ್ಚಾಗಿ ಮೊಬೈಲಿನೊಳಗೆ, ಇರುವವರೂ ಹೋದವರೂ ಒಂದೇ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತಿರುತ್ತಾರೆ. ಯಾರು ಹೋದರು, ಯಾರು ಉಳಿದರು ಎಂಬುದು ಆ ಮನೆಯವರ ತಲೆಯೊಳಗೆ ಮಾತ್ರ ಇರುತ್ತದೆ. ಅವರಿಗೆ ಅದು ಎಷ್ಟು ಚೆನ್ನಾಗಿ ಗೊತ್ತಿರುತ್ತದೆಂದರೆ, ಹೊರಗಿನವರಿಗೆ ಬಿಡಿಸಿ ಹೇಳಬೇಕೆಂದು ಹೊಳೆಯುವುದೇ ಇಲ್ಲ. ನನಗೂ ಹೊಳೆಯಲಿಲ್ಲ. ಹಾಗಾಗಿ ಕೊರೋನಾದ ಎರಡನೆಯ ವರ್ಷ, ನವೆಂಬರಿನ ಒಂದು ಸಂಜೆ, ಇಲ್ಲಿ ಮಲೇಷ್ಯಾದ ಪುಚೊಂಗ್‌ನಲ್ಲಿ, ನೂರಾರು ಚೆಂಡುಹೂವುಗಳ ನಡುವೆ, ಸತ್ತವರಿಗೆಂದೇ ಕಟ್ಟಿದ ಪೀಠದ ಮೇಲೆ, ಮಂಗಳೂರಿನಲ್ಲಿ ಉಸಿರಾಡುತ್ತಿದ್ದ ನನ್ನ ಅತ್ತೆಯವರನ್ನು ಕೂರಿಸಿಬಿಟ್ಟೆ.

ಇದನ್ನು ಓದುವ ಸೊಸೆಯಂದಿರು ದಯವಿಟ್ಟು ನನಗೆ ಅಭಿನಂದನೆ ಹೇಳಬಾರದು. ನಾನು ಅಂಥವಳಲ್ಲ. ಕಾನ್ವೆಂಟಿನಲ್ಲಿ ಓದಿದವಳು, ನಡೆಯುವಾಗ ಚಪ್ಪಲಿ ಸದ್ದಾಗಬಾರದು, ಬಡಿಸಿದ್ದನ್ನು ಬಿಡಬಾರದು, ಹಿರಿಯರ ಮಾತಿಗೆ ಮೊದಲು ‘ಹೌದು’ ಎಂದು ಆಮೇಲೆ ಯೋಚಿಸಬೇಕು ಎಂದು ಕಲಿತವಳು. ಸತ್ತವರ ವಿಷಯದಲ್ಲಂತೂ ನಮ್ಮ ಸಿಸ್ಟರುಗಳು ಬಹಳ ಕಟ್ಟುನಿಟ್ಟು. ನವೆಂಬರ್ ಬಂತೆಂದರೆ ಶುದ್ಧೀಕರಣದ ಬೆಂಕಿಯಲ್ಲಿರುವ ಆತ್ಮಗಳಿಗಾಗಿ ಪ್ರಾರ್ಥಿಸಬೇಕು. ನಾವು ಪ್ರಾರ್ಥಿಸಿದಂತೆಲ್ಲ ಆತ್ಮಗಳು ಬಿಡುಗಡೆಯಾಗಿ ಮೇಲೆ ಹೋಗುತ್ತವೆ ಎಂದು ಹೇಳುತ್ತಿದ್ದರು. ನಾವು ಹುಡುಗಿಯರು ಮಧ್ಯಾಹ್ನದ ಬಿಡುವಿನಲ್ಲಿ ಟಿಫಿನ್ ಬಿಚ್ಚದೆ ಆತ್ಮಗಳನ್ನು ಬಿಡಿಸುವ ಪಂದ್ಯ ಕಟ್ಟುತ್ತಿದ್ದೆವು. ನಾನು ಬಿಡಿಸಿದ ಆತ್ಮಗಳು ನನ್ನ ಪರವಾಗಿ ಎಲ್ಲೋ ಒಳ್ಳೆಯ ಮಾತಾಡುತ್ತಿರುತ್ತವೆ ಎಂದು ಈಗಲೂ ಒಂದು ನಂಬಿಕೆ. ಅಂದು ಸಂಜೆ ಅವು ಎಲ್ಲಿಗೆ ಹೋಗಿದ್ದವೋ ತಿಳಿಯದು.

ನಮ್ಮ ಮಗಳು ರಿಯಾ ಚಿತ್ರ ಕಲಿಯುವ ಶಾಲೆ ಅಂಗಡಿ ಸಾಲಿನ ಮಹಡಿಯ ಮೇಲಿದೆ. ಕೆಳಗೆ ಒಂದು ಮಾಮಾಕ್, ಎಂದರೆ ತಮಿಳು ಮುಸ್ಲಿಮರ, ಹೋಟೆಲು, ಪಕ್ಕದಲ್ಲಿ ಪುಷ್ಪಾ ಅಕ್ಕನ ಹೂವಿನಂಗಡಿ. ಶಾಲೆ ನಡೆಸುವ ಮೇ ಲಿಂಗ್ ಸಣ್ಣ ವಯಸ್ಸಿನ ಹುಡುಗಿ; ಗೋಡೆಚಿತ್ರ ಕಲಿಯಲು ಮೆಕ್ಸಿಕೋಗೆ ಹೋಗಿ ಬಂದವಳು. ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ಬಾಗಿಲು ಹಾಕಿದ್ದರಿಂದ ಶಾಲೆ ಮುಚ್ಚುವ ಸ್ಥಿತಿಗೆ ಬಂದಿತ್ತು. ಆಗ ಅವಳಿಗೆ ಮೆಕ್ಸಿಕೋ ನೆನಪಾಯಿತು. ಅಲ್ಲಿ ನವೆಂಬರಿನ ಮೊದಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪೀಠ ಕಟ್ಟಿ, ಹೋದವರ ಚಿತ್ರ ಇಟ್ಟು, ಅವರಿಗೆ ಇಷ್ಟವಾದ ತಿಂಡಿ ಬಡಿಸುತ್ತಾರಂತೆ. ಚೆಂಡುಹೂವಿನ ಎಸಳನ್ನು ಬಾಗಿಲಿನಿಂದ ಪೀಠದವರೆಗೆ ಚೆಲ್ಲಿದರೆ, ವಾಸನೆ ಹಿಡಿದು ಅವರು ನಡೆದುಕೊಂಡು ಬರುತ್ತಾರಂತೆ. ನಮ್ಮ ಶಾಲೆಯಲ್ಲೂ ಹಾಗೇ ಮಾಡೋಣ, ಪ್ರತಿ ಮನೆಯವರೂ ತಮ್ಮ ಮನೆಯ ಒಬ್ಬರ ಫೋಟೋ ಕೊಡಲಿ, ಬಂದವರು ಮೇಣದಬತ್ತಿ ಕೊಂಡು ತಮಗೆ ಬೇಕಾದವರ ಮುಂದೆ ಹಚ್ಚಲಿ, ಆ ಹಣ ಶಾಲೆಗಾಗಲಿ ಎಂದಳು. ಅಲ್ಲಿನಂತೆ ಪೀಠದ ಮೇಲಿಡುವ ಮೂಳೆಯಾಕಾರದ ಬ್ರೆಡ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹಿಟ್ಟಿನಲ್ಲಿ ಮೂಳೆ ಹೊಸೆಯುತ್ತ ಕೂತ ಮಧ್ಯಾಹ್ನಗಳ ಬಗ್ಗೆ ಇನ್ನೊಮ್ಮೆ ಬರೆಯಬೇಕು. ಒಲೆಯಲ್ಲಿ ಅವು ಉಬ್ಬಿ ಬೆರಳುಗಳಂತಾದವು.

ನಮ್ಮ ಮನೆಯಿಂದ ಯಾರು ಎಂಬ ಪ್ರಶ್ನೆಯೇ ಇರಲಿಲ್ಲ. ಅತ್ತೆಯವರ ತಂಗಿ ಸಿಸಿ ಬಾಯಿ ಅದೇ ವರ್ಷದ ಬೇಸಗೆಯಲ್ಲಿ ಕೊರೋನಾದಿಂದ ತೀರಿಕೊಂಡಿದ್ದರು. ಅಕ್ಕ ತಂಗಿ ಇಬ್ಬರೂ ಮಂಗಳೂರಿನವರೇ, ಎರಡು ಚರ್ಚುಗಳಷ್ಟು ದೂರ. ಆದರೂ ಮಣ್ಣಿಗೆ ಹೋಗಲು ಅತ್ತೆಯವರನ್ನು ಬಿಡಲಿಲ್ಲ. ಯಾರದೋ ಮೊಬೈಲಿನಲ್ಲಿ ನೋಡಿದರು; ಹಿಡಿದವನ ಕೈ ನಡುಗಿ ಬಹುಪಾಲು ಆಕಾಶವೇ ಕಾಣಿಸಿತಂತೆ. ಅಂದಿನಿಂದ ಅವರು ತಂಗಿಯ ಹೆಸರೆತ್ತಿರಲಿಲ್ಲ. ನನ್ನ ಗಂಡ ವಾಲ್ಟರ್ ಕ್ಲಾಂಗ್ ಬಂದರಿನಲ್ಲಿ ಕೂತು ಲೋಕದ ಯಾವ ಬಂದರಿಗೆ ಬೇಕಾದರೂ ಕಂಟೇನರ್ ಕಳಿಸಬಲ್ಲವರು. ಗಡಿ ಮುಚ್ಚಿದ್ದ ಆ ದಿನಗಳಲ್ಲಿ ನಮ್ಮನ್ನು ಮಂಗಳೂರಿಗೆ ಕಳಿಸಿ ಮರಳಿ ತರಿಸಿಕೊಳ್ಳುವ ದಾರಿ ಮಾತ್ರ ಅವರಿಗೂ ಸಿಗಲಿಲ್ಲ.

ನನ್ನಲ್ಲಿದ್ದದ್ದು ಒಂದೇ ಒಳ್ಳೆಯ ಫೋಟೋ. ಚರ್ಚಿನ ಹಬ್ಬದ ದಿನ ಅಕ್ಕ ತಂಗಿ ಬೆಂಚಿನ ಮೇಲೆ ಕೂತದ್ದು. ‘ಇವರನ್ನು ದೊಡ್ಡದು ಮಾಡು’ ಎಂದು ಮೇ ಲಿಂಗ್‌ಗೆ ಕಳಿಸಿದೆ. ಯಾರನ್ನು ಎಂದು ಬರೆಯಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತಲ್ಲ.

ಅಷ್ಟರಲ್ಲಿ ಅತ್ತೆಯವರಿಗೇ ಜ್ವರ ಬಂತು. ಮಹಡಿಯ ಕೋಣೆಯಲ್ಲಿ ಒಬ್ಬರೇ; ನಾದಿನಿ ಗಂಜಿಯನ್ನು ಬಾಗಿಲ ಬಳಿ ಇಟ್ಟು ಹಿಂದೆ ಸರಿಯುತ್ತಿದ್ದಳು. ಕಾರ್ಯಕ್ರಮದ ದಿನ ಬೆಳಗಿನಿಂದ ಅವರು ಫೋನೆತ್ತಲಿಲ್ಲ, ನಾದಿನಿಯೂ ಸಿಗಲಿಲ್ಲ. ಹಾಗಂತ ಬ್ರೆಡ್ಡು ಬಿಟ್ಟು ಕೂರುವಂತಿರಲಿಲ್ಲ. ನಾನು ಮಗಳೊಂದಿಗೆ ಮುಂದೆ ಹೋದೆ. ವಾಲ್ಟರ್ ಕೆಳಗೆ ಕಾರಿನಲ್ಲೇ ಕೂತು ಮತ್ತೆ ಮತ್ತೆ ಮಂಗಳೂರಿಗೆ ಫೋನ್ ಹಚ್ಚುತ್ತಿದ್ದರು.

ಶಾಲೆಯ ಮಹಡಿಯ ದೀಪಗಳನ್ನೆಲ್ಲ ಆರಿಸಿದ್ದರು. ಕತ್ತರಿಸಿದ ಬಣ್ಣದ ಕಾಗದದ ತೋರಣ ಮಾಡಿನಿಂದ ಇಳಿಬಿದ್ದು, ಫ್ಯಾನಿಲ್ಲದೆಯೂ ಸಣ್ಣಗೆ ಅಲುಗುತ್ತಿತ್ತು. ಮಕ್ಕಳು ತಮ್ಮ ಮಾಸ್ಕುಗಳ ಮೇಲೆ ಹಲ್ಲಿನ ಸಾಲು ಬರೆದುಕೊಂಡಿದ್ದರು. ಮೂಗಿನ ಮೇಲೆ ಗುರುತಿನ ಕಣ್ಣು, ಕೆಳಗೆ ಬುರುಡೆ. ಬಾಗಿಲಲ್ಲಿ ಜ್ವರ ನೋಡುವ ಯಂತ್ರ ನಿಲ್ಲಿಸಿದ್ದರು. ಹಣೆ ಒಡ್ಡಿದರೆ ಒಬ್ಬ ಹೆಂಗಸಿನ ದನಿಯಲ್ಲಿ ‘ತಾಪಮಾನ ಸರಿಯಾಗಿದೆ’ ಎಂದು ಇಂಗ್ಲಿಷಿನಲ್ಲಿ ಹೇಳುತ್ತದಲ್ಲ, ಅದೇ. ನಾನು ಬ್ರೆಡ್ ಜೋಡಿಸುತ್ತಿದ್ದಾಗ ಅದು ಹಾಗೆಂದಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಯಾರೂ ಇಲ್ಲ, ಹೂವಿನ ಎಸಳಿನ ದಾರಿ ಮಾತ್ರ. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೆಂದಿತು. ಸತ್ತವರ ತಾಪಮಾನ ಸರಿಯಾಗಿರಲು ಸಾಧ್ಯವೇ ಎಂದು ಯೋಚಿಸುತ್ತ ತಲೆಯೆತ್ತಿದೆ. ಪೀಠದ ಮೇಲಿನ ಮೆಟ್ಟಿಲಿನಿಂದ ಅತ್ತೆಯವರು ನನ್ನನ್ನೇ ನೋಡುತ್ತಿದ್ದರು.

ನಮ್ಮತ್ತೆ ಊರಿಡೀ ಲಿಲ್ಲಿ ಟೀಚರ್ ಎಂದೇ ಪರಿಚಿತರು. ಕನ್ನಡ ಶಾಲೆಯಲ್ಲಿ ಜೀವಮಾನವಿಡೀ ಪಾಠ ಹೇಳಿದವರು. ಮನೆಯಲ್ಲಿ ಕೊಂಕಣಿ, ವಿಷಯ ಗಂಭೀರವಾದರೆ ಮಾತ್ರ ಕನ್ನಡ. ಅವರ ದೃಷ್ಟಿಯೇ ಸಾಕು, ಮಾಡದ ಹೋಮ್‌ವರ್ಕ್ ನೆನಪಾಗುತ್ತದೆ. ಆ ದೃಷ್ಟಿಯನ್ನು ಕಿಟಕಿಯಷ್ಟು ದೊಡ್ಡದು ಮಾಡಿ, ಸುತ್ತಲೂ ಹೂಬಳ್ಳಿ ಬರೆದು, ಮುಂದೆ ಮೇಣದಬತ್ತಿ ಹಚ್ಚಿದ್ದರು. ನನ್ನ ಕೈಯಲ್ಲಿದ್ದ ಬ್ರೆಡ್ಡಿನ ಬೆರಳೊಂದು ಮುರಿಯಿತು.

ಮೇ ಲಿಂಗ್‌ಳನ್ನು ಮೂಲೆಗೆ ಕರೆದು, ಇವರು ಬದುಕಿದ್ದಾರೆ, ತೀರಿಕೊಂಡವರು ಇನ್ನೊಬ್ಬರು ಎಂದೆ. ಆ ಹುಡುಗಿ ಮಾಸ್ಕಿನ ಮೇಲೆ ಬರೆದುಕೊಂಡ ಹಲ್ಲಿನ ಮೇಲೆ ಕೈಯಿಟ್ಟುಕೊಂಡಳು. ಅವಳ ಇಂಗ್ಲಿಷನ್ನು, ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ ‘ಲಾ’ ಸಮೇತ, ಕನ್ನಡದಲ್ಲಿ ಹೇಳುವುದಾದರೆ ಹೀಗೆ: “ಇನ್ನೊಬ್ಬ ಆಂಟಿ ಬಾಯ್ತುಂಬ ನಗ್ತಾ ಇದ್ರಲ್ಲಾ. ಅಷ್ಟು ನಗೋರು ಸತ್ತಿರ್ತಾರೆ ಅಂತ ಹೇಗೆ ಅಂದ್ಕೊಳ್ಲಿ? ಇವರೇ ಸ್ವಲ್ಪ ದೂರದಿಂದ ನೋಡ್ತಿರೋ ಹಾಗೆ ಕಂಡ್ರು ಲಾ.”

ತೆಗೆದುಬಿಡು ಎಂದೆ. ದೀಪ ಹಚ್ಚಿಯಾಗಿದೆ, ಉರಿದು ಮುಗಿಯುವವರೆಗೆ ಮುಟ್ಟಬಾರದು ಎಂದಳು. ಅವರೆಲ್ಲ ಈಗ ಅರ್ಧ ದಾರಿಯಲ್ಲಿರುತ್ತಾರಂತೆ. ಅರ್ಧ ದಾರಿಯಲ್ಲಿರುವವರು ಯಾರೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಫೋನೆತ್ತದ ಅತ್ತೆಯವರು ಕಣ್ಣ ಮುಂದೆ ಬಂದರು.

ಬತ್ತಿಯನ್ನೇ ಆರಿಸಿದರಾಯಿತು ಎಂದು ಹತ್ತಿರ ಹೋಗಿ ಊದಿದೆ. ಮಾಸ್ಕ್ ಹಾಕಿಕೊಂಡು ಮೇಣದಬತ್ತಿ ಊದಿ ನೋಡಿದ್ದೀರಾ? ಕನ್ನಡಕಕ್ಕೆ ಮಂಜು ಹಿಡಿಯುತ್ತದೆ, ಬತ್ತಿ ಹಾಗೇ ಉರಿಯುತ್ತದೆ. ಮಾಸ್ಕ್ ಇಳಿಸಹೋದರೆ ಮಗಳು ಓಡಿಬಂದು ನನ್ನನ್ನು ಗದರಿಸಿದಳು, ಇಂಗ್ಲಿಷಿನಲ್ಲಿ. ಬೆರಳಿಗೆ ಎಂಜಲು ಹಚ್ಚಿ ಒಂದನ್ನು ಹೇಗೋ ಚಿವುಟಿ ಆರಿಸಿದೆ. ಪುಷ್ಪಾ ಅಕ್ಕ ತಮಿಳಿನಲ್ಲಿ ‘ಅಯ್ಯೋ ಪಾವಂ’ ಎಂದು ಮರುಗಿ ಮತ್ತೆ ಹಚ್ಚಿ ಕೈಮುಗಿದರು. ಬಂದವರಿಗೆಲ್ಲ ಅತ್ತೆಯವರೇ ಬೇಕು. ಪಕ್ಕದಲ್ಲಿ ಸೌಮ್ಯ ಮುಖದ ಅಜ್ಜ ಅಜ್ಜಿಯರು ಕತ್ತಲಲ್ಲಿ ಕೂತಿದ್ದರೆ, ಜನ ನೇರ ಬಂದು, ಒಂದು ಕ್ಷಣ ಹೆದರಿ, ಲಿಲ್ಲಿ ಟೀಚರ ಮುಂದೆ ಬತ್ತಿ ಹಚ್ಚಿ ಹೋಗುತ್ತಿದ್ದರು. ಬತ್ತಿ ಹೆಚ್ಚಿದಂತೆ ಆ ಮುಖ ಇನ್ನಷ್ಟು ಬೆಳಗಿ, ತುಟಿ ಅಲುಗಿದಂತೆ ಕಾಣುತ್ತಿತ್ತು.

ಆಗ ವಾಲ್ಟರ್ ಮೇಲೆ ಬಂದರು. ಎಲ್ಲವನ್ನೂ ಹೇಳಿಬಿಡಬೇಕೆಂದು ನಾನು ಹೆಜ್ಜೆ ಇಡುವಷ್ಟರಲ್ಲಿ ಅವರ ಕಣ್ಣು ಪೀಠದ ಮೇಲೆ ಬಿತ್ತು. ಎಸಳಿನ ದಾರಿಯ ಮಧ್ಯದಲ್ಲೇ ನಿಂತರು. ಕೈಯಲ್ಲಿ ಇನ್ನೂ ಫೋನ್ ರಿಂಗಾಗುತ್ತಿತ್ತು, ಆ ಕಡೆ ಯಾರೂ ಎತ್ತದ ರಿಂಗು. ನನ್ನತ್ತ ತಿರುಗಿ ಬಹಳ ಮೆಲ್ಲಗೆ, “ಯಾವಾಗ?” ಎಂದರು.

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ಆ ದನಿಯನ್ನು ನಾನು ಕೇಳಿರಲಿಲ್ಲ. ಇಲ್ಲ, ಇಲ್ಲ, ತಪ್ಪಾಗಿದೆ, ಸಿಸಿ ಬಾಯಿ ಬದಲು ಎಂದು ಏನೇನೋ ತೊದಲಿದೆ. ಅರ್ಥವಾದ ಮೇಲೆ ಅವರು ಇನ್ನೊಮ್ಮೆ ಮಂಗಳೂರಿಗೆ ಫೋನ್ ಹಚ್ಚಿದರು. ಬೈಯಲಿಲ್ಲ. “ಫೋನ್ ಎತ್ತುತ್ತಿಲ್ಲ ಐರಿನ್” ಎಂದಷ್ಟೇ ಹೇಳಿದರು. ಹಿಂದೆ ಯಂತ್ರ ಮತ್ತೆ ಯಾರದೋ ತಾಪಮಾನ ಸರಿಯಿದೆಯೆಂದಿತು. ಇಬ್ಬರೂ ತಿರುಗಿ ನೋಡಲಿಲ್ಲ.

ಆಗಲೇ ನನ್ನ ಕೈಚೀಲದೊಳಗೆ ಫೋನ್ ನಡುಗಿತು. ವಿಡಿಯೋ ಕರೆ. ಪರದೆಯ ತುಂಬ ಮಬ್ಬು, ನಡುವೆ ಉಸಿರಿನ ಸದ್ದು, ಆಮೇಲೆ ಅತ್ತೆಯವರ ದನಿ. ಕನ್ನಡದಲ್ಲಿ.

“ಐರಿನ್, ನೀವೆಲ್ಲ ಎಲ್ಲಿದ್ದೀರಿ? ಇಷ್ಟು ದಿನ ನನ್ನ ಮೂಗಿಗೆ ಎಂತದೂ ಗೊತ್ತಾಗ್ತಾ ಇರ್ಲಿಲ್ಲ. ಕಾಫಿ ಸಹ ಬಿಸಿನೀರಿನ ಹಾಗೆ. ಈಗ ಮಲಗಿದಲ್ಲಿ ಗೊಂಡೆಹೂವಿನ ವಾಸನೆ ಬರ್ತಾ ಉಂಟು. ಮೇಣ ಉರಿದ ವಾಸನೆ. ಇಲ್ಲಿ ನೋಡಿದ್ರೆ ಕಿಟಕಿ ಮುಚ್ಚಿ ಉಂಟು.”

ಗೊಂಡೆಹೂವೆಂದರೆ ಮಂಗಳೂರಿನವರಿಗೆ ಚೆಂಡುಹೂವೇ. ಶಾಲೆಯ ಕಾರ್ಯಕ್ರಮ ಎಂದೆ. ತೋರಿಸು ಎಂದರು. ಬ್ರೆಡ್ ತೋರಿಸಿದೆ, ಕಾಗದದ ತೋರಣ ತೋರಿಸಿದೆ, ಮೊಮ್ಮಗಳ ಬುರುಡೆ ಮಾಸ್ಕ್ ತೋರಿಸಿದೆ, ನೆಲ ಬಹಳ ಹೊತ್ತು ತೋರಿಸಿದೆ. ಬೆಳಕು ಬರುವ ಕಡೆ ತೋರಿಸು ಎಂದರು. ಹಿರಿಯರ ಮಾತಿಗೆ ಮೊದಲು ಹೌದು ಎನ್ನುವ ಕೈ ತಾನಾಗಿ ತಿರುಗಿತು.

ಮಾತು ನಿಂತಿತು. ಪೀಠದ ಮೇಲೆ ಒಂದು ಮುಖ, ಅಂಗೈಯಲ್ಲಿ ಅದೇ ಮುಖ, ಎರಡೂ ಅಲುಗುತ್ತಿಲ್ಲ. ನಿಂತದ್ದು ನೆಟ್‌ವರ್ಕೋ ಅತ್ತೆಯವರೋ ತಿಳಿಯಲಿಲ್ಲ. ಕೊನೆಗೆ ಅಂಗೈಯ ಮುಖ ಮಾತಾಡಿತು.

“ಸಿಸಿ ಎಲ್ಲಿ?”

ಕತ್ತರಿಸಿದ ಅರ್ಧವನ್ನು ಮೇ ಲಿಂಗ್ ಎಸೆದಿರಲಿಲ್ಲ. ನಗುವ ಮುಖವನ್ನು ಬುಟ್ಟಿಗೆ ಹಾಕಲು ಮನಸ್ಸಾಗಲಿಲ್ಲವಂತೆ. ಡ್ರಾಯರಿನಿಂದ ತಂದು ಅಕ್ಕನ ಪಕ್ಕ ನಿಲ್ಲಿಸಿದಳು. ಸ್ವಲ್ಪ ಹತ್ತಿರ, ಎಂದರು ಅತ್ತೆಯವರು. ಸರಿಸಿದೆವು. ಇನ್ನೂ, ಎಂದರು. ಸಿಸಿ ಬಾಯಿಯ ಭುಜ ಅಕ್ಕನ ಭುಜಕ್ಕೆ ತಾಗಿತು.

ನಿಮ್ಮದನ್ನು ಈಗಲೇ ತೆಗೆಸುತ್ತೇನೆ ಮಮ್ಮಿ, ಎಂದೆ.

“ತೆಗೀಬೇಡ. ಅವಳ ಮಣ್ಣಿಗೆ ನನ್ನನ್ನು ಬಿಡ್ಲಿಲ್ಲ. ಈಗಾದ್ರೂ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂರ್ತೇನೆ. ಮತ್ತೆ, ಯಾರಾದ್ರೂ ನನ್ನನ್ನು ಕೇಳಿಕೊಂಡು ಬಂದ್ರೆ, ಇವಳು ಆಗಲೇ ಬಂದಾಯ್ತು ಅಂತ ನೋಡಿ ಹೋಗ್ಲಿ. ಹಾಜರಿ ಹಾಕಿ ಆದವರನ್ನು ಪುನಃ ಯಾರೂ ಕರೆಯುದಿಲ್ಲ. ಫೋನನ್ನು ಎಲ್ಲಿಯಾದ್ರೂ ಒರಗಿಸಿಡು, ಮಾರಾಯ್ತಿ.”

ಎರಡು ಫೋಟೋಗಳ ಮುಂದೆ, ಬ್ರೆಡ್ಡಿಗೆ ಒರಗಿಸಿಟ್ಟೆ. ಅತ್ತೆಯವರು ತಂಗಿಯೊಡನೆ ಕೊಂಕಣಿಯಲ್ಲಿ ಪಿಸುಗುಟ್ಟತೊಡಗಿದರು. ನಡುವೆ ಬಿಟ್ಟು ಬಿಟ್ಟು, ಉತ್ತರ ಕೇಳಿಸಿಕೊಳ್ಳುವವರಂತೆ ಸುಮ್ಮನಾಗುತ್ತಿದ್ದರು. ಒಮ್ಮೆ ನಕ್ಕರು ಕೂಡ. ವಾಲ್ಟರ್ ಪೀಠದ ಕೆಳಗಿನ ಮೆಟ್ಟಿಲ ಬಳಿ ನೆಲದ ಮೇಲೆ ಕೂತು, ಆ ಕರೆ ಮುಗಿಯುವವರೆಗೆ ಏಳಲಿಲ್ಲ. ಬಂದವರು ಇದೂ ಮೇ ಲಿಂಗ್‌ಳ ಕಲೆಯ ಒಂದು ಭಾಗವೆಂದು ತಿಳಿದು, ದೂರ ದೂರ ನಿಂತು ನೋಡಿದರು. ಒಬ್ಬ ಹಿರಿಯ ಚೀನೀ ಮಹನೀಯರು ಇಂಥ ಪರಿಣಾಮಕಾರಿ ಕೃತಿಯನ್ನು ತಾವು ಈಚೆಗೆ ನೋಡಿಲ್ಲವೆಂದು ಹೇಳಿ ಫೋನಿಗೊಂದು ಬತ್ತಿ ಹಚ್ಚಿ ಹೋದರು. ಶಾಲೆ ಉಳಿಯಿತು.

ಮರುದಿನ ಅತ್ತೆಯವರ ಜ್ವರ ಇಳಿಯಿತು. ಔಷಧಿಯಿಂದ ಎಂದರು ಡಾಕ್ಟರು. ಹಾಜರಿಯಿಂದ ಎಂದರು ಅತ್ತೆಯವರು. ಅವರ ಈ ನಂಬಿಕೆ ಅಷ್ಟಕ್ಕೇ ನಿಂತಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಮುಂದಿನ ವರ್ಷದ ಆರಂಭದ ಅಲೆಯಲ್ಲಿ ನನಗೆ ಜ್ವರ ಬಂತು. ವಿಷಯ ತಿಳಿದೊಡನೆ ಅವರು ನನ್ನದೊಂದು ಫೋಟೋ ಕೇಳಿದರು, ನಗದೇ ಇರುವುದು. ಮನೆಯ ಅಲ್ತಾರಿನಲ್ಲಿ, ಎಂದರೆ ದೇವರ ಪೀಠದಲ್ಲಿ, ಹಿಂದೆಯೇ ತೀರಿಕೊಂಡಿದ್ದ ಮಾವನವರ ಮತ್ತು ಸಿಸಿ ಬಾಯಿಯ ನಡುವೆ ನನ್ನನ್ನು ಇಟ್ಟು, ಚೆಂಡುಹೂ ಏರಿಸಿ, ಬತ್ತಿ ಹಚ್ಚಿದರು. ನಾನು ಬೇಗ ಗುಣವಾದೆ. ಇನ್ನು ತೆಗೆಯಬಹುದಲ್ಲ ಎಂದು ಮೆಲ್ಲಗೆ ಕೇಳಿದೆ. ಇರಲಿ, ಇನ್ನೊಂದು ಅಲೆ ಬಂದರೆ ಎಂದರು. ಒಂದು ದಿನ ಪ್ರೀತಿಯಿಂದ ಕ್ಯಾಮೆರಾ ತಿರುಗಿಸಿ ತೋರಿಸಿದರು. ನನ್ನ ಮುಂದೆ ಸಣ್ಣ ಪಿಂಗಾಣಿ ತಟ್ಟೆ, ಅದರಲ್ಲಿ ಹಾಗಲಕಾಯಿ ಪಲ್ಯ. “ನಿನಗೆ ಜೀವ ಅಲ್ವಾ” ಎಂದರು. ಮದುವೆಯಾಗಿ ಬಂದ ಮೊದಲ ವಾರ ಅವರು ಬಡಿಸಿದ್ದನ್ನು ಕಣ್ಣು ಮುಚ್ಚಿ ನುಂಗಿ, ಇಷ್ಟು ಚೆನ್ನಾಗಿ ಎಲ್ಲೂ ತಿಂದಿಲ್ಲವೆಂದು ನಾನು ಹೇಳಿದ್ದೆ. ಅಂದಿನಿಂದ ಪ್ರತಿ ರಜೆಯಲ್ಲೂ ನನಗೆ ಎರಡು ಸಲ ಬಡಿಸುತ್ತಾರೆ. ಹಾಗಲಕಾಯಿ ನನಗೆ ಸೇರುವುದಿಲ್ಲ ಎಂದು ಈಗ, ಹೂವಿನ ಹಾರ ಬಿದ್ದ ಮೇಲೆ, ಹೇಗೆ ಹೇಳಲಿ?

ಈಚೆಗೆ ಊಟ ಮುಗಿಸಿ ಪಾತ್ರೆ ತೊಳೆಯುತ್ತ ನಿಂತಾಗ, ಪಾಯಸವನ್ನೇ ತಿಂದಿರಲಿ, ಒಮ್ಮೆಗೇ ನಾಲಗೆಯ ಹಿಂಭಾಗ ಕಹಿಯಾಗುತ್ತದೆ. ಜ್ವರದ ಉಳಿಕೆ ಎನ್ನುತ್ತಾರೆ ವಾಲ್ಟರ್. ನಾನು ಇಲ್ಲಿನ ಗಡಿಯಾರದ ಹೊತ್ತಿನಿಂದ ಎರಡೂವರೆ ಗಂಟೆ ಕಳೆದು ನೋಡುತ್ತೇನೆ. ಮಂಗಳೂರಿನಲ್ಲಿ ಅದು ಅತ್ತೆಯವರು ಬತ್ತಿ ಹಚ್ಚಿ ನನ್ನ ಮುಂದೆ ತಟ್ಟೆ ಇಡುವ ಹೊತ್ತು. ನಲ್ಲಿ ಜೋರಾಗಿ ಬಿಟ್ಟು, ಯಾರಿಗೂ ಕೇಳಿಸದ ಹಾಗೆ, ಬಹಳ ಚೆನ್ನಾಗಿದೆ ಮಮ್ಮಿ, ಎಂದು ನುಂಗಿಕೊಳ್ಳುತ್ತೇನೆ.