ಮಾಲೀಕರು ಹೆಸರು ಹೇಳದ ಕಂಪನಿ

ನಮ್ಮ ಕಾಕಾ ಒಂದು ಕ್ಯಾಸೆಟ್ ಕಂಪನಿಯ ಮಾಲೀಕರು. 'ಆಗಿದ್ದರು' ಅಂದರೆ ಸಿಟ್ಟಿಗೇಳುತ್ತಾರೆ! ಕ್ಯಾಸೆಟ್ ಎಂಬ ವಸ್ತುವೇ ಲೋಕ ಬಿಟ್ಟು ಎಷ್ಟೋ ಕಾಲವಾಯಿತಲ್ಲ ಅಂತೀರಾ? ಅದನ್ನು ಅವರ ಮುಂದೆ ಹೇಳುವ ಗಂಡು ಬನಹಟ್ಟಿಯಲ್ಲಿ ಇನ್ನೂ ಹುಟ್ಟಿಲ್ಲ. "ನಮ್ಮ ಕ್ಯಾಸೆಟ್ಟಿನ ಪದ ಮೊಬೈಲಿಗೆ ಹೋದ ದಿನ ಕಂಪನಿ ಮುಚ್ಚಿತಂತ ತಿಳೀರಿ. ಅಲ್ಲೀತನಕಾ ಚಾಲೂ ಐತಿ!" ಎನ್ನುವುದು ಅವರ ಶಪಥ.

ಇದ್ದ ಮಗ್ಗಗಳಲ್ಲಿ ಅರ್ಧ ಮಾರಿ ಅವರು ರೆಕಾರ್ಡಿಂಗ್ ಯಂತ್ರ ತಂದಾಗ ಓಣಿಯೆಲ್ಲ ನಕ್ಕಿತು. ನಗದೆ ಏನು ಮಾಡೀತು? ಎಡಕ್ಕೆ ಮಗ್ಗ, ಬಲಕ್ಕೆ ಮಗ್ಗ, 'ಚಹಾ ಕುಡೀತೀರೇನು' ಎಂದು ಕೇಳಬೇಕಾದರೂ ಒದರಬೇಕಾದ ಊರಲ್ಲಿ ತತ್ವಪದ ರೆಕಾರ್ಡ್ ಮಾಡುವುದೇ! ಕಾಕಾ ಕಂಡುಕೊಂಡ ಉಪಾಯ ಕರೆಂಟು ಹೋಗುವುದನ್ನು ಕಾಯುವುದು. ಕರೆಂಟು ಹೋಗಿ ಊರೆಲ್ಲ ಬೈಯುತ್ತ ಮಗ್ಗದಿಂದ ಏಳುವಾಗ, ಇವರೊಬ್ಬರು "ಹೋತು, ಹೋತು!" ಎಂದು ಕುಣಿಯುತ್ತ ಯಂತ್ರಕ್ಕೆ ಟ್ರ್ಯಾಕ್ಟರ್ ಬ್ಯಾಟರಿ ಜೋಡಿಸುತ್ತಿದ್ದರು. ಪದದ ನಡುವೆ ಕರೆಂಟು ಬಂದರೆ ಅವತ್ತಿನ ಕೆಲಸ ಅಲ್ಲಿಗೇ ಖಲಾಸ್.

"ಇನ್ನೂ ಮುಗೀಲಿಲ್ಲೇನ್ರಿ ಕ್ಯಾಸೆಟ್ಟು?" ಎಂದು ಯಾರಾದರೂ ಕೇಳಿದರೆ, "ನಾ ಏನ್ ಮಾಡ್ಲಿ? ಕರೆಂಟಿನವರು ಭಾಳ ಛಲೋ ಕೆಲಸಾ ಮಾಡಾಕತ್ತಾರ!" ಎಂದು ಹಲುಬುತ್ತಿದ್ದರು.

ಕಂಪನಿಗೆ ಇಟ್ಟದ್ದು ನಮ್ಮ ಕಾಕುವಿನ ಹೆಸರು. ಆದರೆ ಹೆಂಡತಿಯ ಹೆಸರು ಬಾಯಿಬಿಟ್ಟು ಹೇಳುವುದು ನಮ್ಮ ಕಡೆಯ ಹಳೇ ಗಂಡಸರಿಗೆ ಬಾರದ ವಿದ್ಯೆ. ಕಾಕಾ ಅದನ್ನು ಹೇಳಿದ್ದು ಒಮ್ಮೆ ಮಾತ್ರ, ಮದುವೆಯಲ್ಲಿ, ಎಲ್ಲರೂ ಅಡ್ಡಗಟ್ಟಿ ಹೆಂಡತಿ ಹೆಸರು ಕೂಡಿಸಿದ ಒಡಪು ಹೇಳಿಸಿದಾಗ! ಹೀಗಾಗಿ ಜಮಖಂಡಿಯ ಅಂಗಡಿಯವರು "ಯಾವ ಕಂಪನೀದ್ರಿ ಇದು?" ಎಂದರೆ ಕಾಕಾ ಮದುಮಗನಂತೆ ನಾಚಿ, ಕ್ಯಾಸೆಟ್ಟಿನ ಡಬ್ಬಿ ಮುಂದೆ ಹಿಡಿದು, "ಅದ ರೀ... ಅಲ್ಲೇ ಬರದೈತಿ ನೋಡ್ರಿ," ಎನ್ನುತ್ತಿದ್ದರು. ಫೋನು ಬಂದರೆ ಕಾಕುವೇ ಎತ್ತಬೇಕು. "ಮನ್ಯಾಗ ಒಮ್ಮಿನೂ ನನ್ನ ಹೆಸರು ಹಿಡದು ಕರೀಲಿಲ್ಲ. ಈಗ ಬಸ್ ಸ್ಟ್ಯಾಂಡಿನ್ಯಾಗ ಮಂದಿ ಕಡೆ ಒದರಸಾಕತ್ತೀರಿ!" ಎಂದು ಕಾಕು ರೇಗುತ್ತಿದ್ದರು. ರೇಗುತ್ತಲೇ ಒಂದೊಂದು ಡಬ್ಬಿಯನ್ನೂ ಸೆರಗಿನಿಂದ ಒರೆಸಿ ಕಳಿಸುತ್ತಿದ್ದರು.

ಹಾಡುತ್ತಿದ್ದವಳು ನೀಲವ್ವ, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದವಳು. ಮೈಕಿನ ಮುಂದೆ ಬರಿಗೈಯಲ್ಲಿ ಕೂರಿಸಿದರೆ ಅವಳಿಗೆ ದನಿಯೇ ಏಳದು! ಕೊನೆಗೆ ಕಾಕಾ ಅವಳ ನೂಲು ಸುತ್ತುವ ರಾಟಿಯನ್ನೇ ತಂದು ಮುಂದಿಟ್ಟರು. ಕೈ ತಿರುಗಿತು, ಪದ ಹೊರಟಿತು, ಜೊತೆಗೆ ರಾಟಿಯ ಕಿರುಗುಟ್ಟುವಿಕೆಯೂ ರೆಕಾರ್ಡಾಯಿತು. ಮುಧೋಳದ ಕಬ್ಬಿನ ಟ್ರ್ಯಾಕ್ಟರು, ಬೀಳಗಿಯ ಹಿಟ್ಟಿನ ಗಿರಣಿ, ಎಲ್ಲಿ ಕೇಳಿದರೂ ನೀಲವ್ವನೇ. "ಹಿಂದ ಬಾರಸಾಕತ್ತಿದ್ದು ಯಾವ ವಾದ್ಯಾರಿ?" ಎಂದು ಕೇಳಿದವರಿಗೆ, "ಅದು ಬನಹಟ್ಟ್ಯಾಗಷ್ಟ ಸಿಗತೈತಿ," ಎಂದು ಕಾಕಾ ಮೀಸೆ ತಿರುವುತ್ತಿದ್ದರು.

ಆಮೇಲೆ ಮೊಬೈಲ್ ಬಂತು. ಬೆರಳಿನ ಉಗುರಿನಷ್ಟು ಕಾರ್ಡಿನಲ್ಲಿ ಲೋಕದ ಹಾಡೆಲ್ಲ ತುಂಬಿಕೊಟ್ಟರೆ ಕ್ಯಾಸೆಟ್ಟನ್ನು ಯಾರು ಕೇಳುತ್ತಾರೆ? ಮಾಲು ಮನೆಗೆ ವಾಪಸು ಬಂತು. ಕಾಕಾ ಜಗ್ಗಲಿಲ್ಲ, ಬಾಗಿಲ ಮೇಲಿನ ಕಂಪನಿಯ ಫಲಕವನ್ನೂ ಇಳಿಸಲಿಲ್ಲ. ಈಗಲೂ ಮೊಬೈಲಿನಲ್ಲಿ ಬೇರೆಯವರ ಹಾಡು ಕೇಳುತ್ತಾರೆ, ಬೈಯುವುದಕ್ಕೆಂದೇ. ಅರ್ಧಕ್ಕೆ ಬಂದಾಗ ಕ್ಯಾಸೆಟ್ಟಿನ ಹಾಗೆ ಮೊಬೈಲನ್ನೇ ಬೋರಲು ಹಾಕುತ್ತಾರೆ. ಇನ್ನೊಂದು ಮಗ್ಗಲು ಕೇಳಬೇಡವೇ!

ಕಳೆದ ತಿಂಗಳು ನೀಲವ್ವ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಗಂಟಲ ಆಪರೇಷನ್ ಆದಮೇಲೆ ಅವಳಿಗೆ ಪಿಸುಮಾತಷ್ಟೇ ಉಳಿದಿದೆ. "ಅಣ್ಣಾರ, ನಾ ಹಾಡಾಕಿ ಇದ್ದೆ ಅಂದ್ರ ಇಕಿ ನಂಬವಲ್ಲಳ್ರಿ," ಎಂದಳು. ಕಾಕಾ ಟೇಪು ಹಚ್ಚಿದರು. ಹುಡುಗಿ ಒಮ್ಮೆ ಟೇಪನ್ನು, ಒಮ್ಮೆ ಅಜ್ಜಿಯನ್ನು ನೋಡಿ, "ಆಯೀ, ಖರೇನ ನೀನ? ಇದನ್ನ ಮನಿಗೆ ಒಯ್ಯೂಣು?" ಎಂದಳು. ಅವರ ಮನೆಯಲ್ಲಿದ್ದದ್ದು ಮೊಬೈಲ್ ಮಾತ್ರ. ಕಾಕಾರ ಶಪಥ ಗೊತ್ತಿದ್ದ ನೀಲವ್ವ ಮೊಮ್ಮಗಳ ಕೈ ಹಿಡಿದು ಏಳಹೋದಳು.

ಕಾಕಾ ಕ್ಯಾಸೆಟ್ಟನ್ನು ಮತ್ತೆ ಮೊದಲಿಗೆ ಸುತ್ತಿ, "ಏ, ಇವರ ಮೊಬೈಲ್ ಇಸಗೊಂಡು ಟೇಪಿನ ಮುಂದ ಹಿಡೀಲೇ," ಎಂದು ನನ್ನನ್ನು ಗದರಿದರು.

"ಕಂಪನಿ ಗತಿ ಏನ್ರಿ ಕಾಕಾ?"

"ಸುಮ್ನ ಹಿಡಿ. ಹಾಡಿದಾಕಿ ಅಕಿ. ನಾ ಬರೇ ಗುಂಡಿ ಒತ್ತೀನಿ."

ಪದ ಮುಗಿಯುವತನಕ ಹಿಡಿದು ಕೂತೆ. ಇಷ್ಟು ದಿನ ಅವರನ್ನು ಕಂಡು ನಕ್ಕ ನನಗೆ ಅವತ್ತು ಅಳು ತಡೆಯಲಾಗಲಿಲ್ಲ. ಕಾಕಾ ಮೊಬೈಲನ್ನು ಹುಡುಗಿಯ ಕೈಗಿತ್ತು, ತಲೆ ಸವರಿ, "ಇವತ್ತ ಕಂಪನಿ ಮುಚ್ಚಿತವ್ವಾ," ಎಂದರು. "ನಿಮ್ಮ ಆಯಿ ದನಿ ನಿಮ್ಮ ಮನ್ಯಾಗ ಇರಲಿ."